ಉಷ್ಣಶಕ್ತಿ ಸಂಗ್ರಹಣೆ

ಉಷ್ಣಶಕ್ತಿ ಸಂಗ್ರಹಣೆ ಎಂಬುದು ಒಂದು ಕಾಲದಲ್ಲಿ ಹೆಚ್ಚಾಗಿ ದೊರೆಯುವ ಶಾಖವನ್ನು ಅಥವಾ ತಂಪನ್ನು ಯಾವುದಾದರೊಂದು ವಸ್ತುವಿನಲ್ಲಿ ಕೂಡಿಟ್ಟು, ಮುಂದೆ ಬೇಕಾದಾಗ ಹೊರತೆಗೆದು ಬಳಸುವ ತಂತ್ರಜ್ಞಾನವಾಗಿದೆ. ನೀರು, ಕಲ್ಲು, ಮರಳು, ಮಣ್ಣು, ಕರಗಿದ ಲವಣ, ಮಂಜುಗಡ್ಡೆ, ಮೇಣ ಮತ್ತು ಸುಣ್ಣ ಇದಕ್ಕೆ ಬಳಕೆಯಾಗುವ ಪ್ರಮುಖ ವಸ್ತುಗಳು. ಸಂಗ್ರಹದ ಅವಧಿ ಕೆಲವು ಗಂಟೆಗಳಿಂದ ಹಿಡಿದು ಆರು ತಿಂಗಳವರೆಗೂ ಇರಬಹುದು. ಸೌರಶಕ್ತಿ ಮತ್ತು ಪವನಶಕ್ತಿಗಳಂತಹ ನವೀಕರಿಸಬಹುದಾದ ಮೂಲಗಳಿಂದ ಮನೆ, ಊರು ಹಾಗೂ ಕಾರ್ಖಾನೆಗಳಿಗೆ ಶಾಖ ಒದಗಿಸುವುದಕ್ಕೆ ಈ ತಂತ್ರಜ್ಞಾನ ಆಧಾರವಾಗಿದೆ. ಇಂಗಾಲದ ಡೈಆಕ್ಸೈಡನ್ನು ಸೆರೆಹಿಡಿಯುವ ಕೆಲವು ವಿಧಾನಗಳೊಂದಿಗೂ ಇದಕ್ಕೆ ನೇರ ಸಂಬಂಧವಿದೆ.

ಹಿನ್ನೆಲೆ

ಅಂತಿಮ ಬಳಕೆದಾರರನ್ನು ತಲುಪುವ ಜಗತ್ತಿನ ಒಟ್ಟು ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಶಾಖದ ರೂಪದಲ್ಲಿಯೇ ವೆಚ್ಚವಾಗುತ್ತದೆ ಎಂದು ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು ಅಂದಾಜು ಮಾಡಿದೆ. ಚಳಿದೇಶಗಳಲ್ಲಿ ಮನೆಗಳನ್ನು ಬೆಚ್ಚಗಿಡುವುದು, ಸ್ನಾನಕ್ಕೆ ನೀರು ಕಾಯಿಸುವುದು, ಅಡುಗೆ ಮಾಡುವುದು, ಹಾಲು ಪಾಶ್ಚರೀಕರಿಸುವುದು, ಬಟ್ಟೆಗೆ ಬಣ್ಣ ಹಾಕುವುದು, ಸಿಮೆಂಟ್ ಮತ್ತು ಉಕ್ಕು ತಯಾರಿಸುವುದು ಇವೆಲ್ಲವೂ ಇದರಲ್ಲಿ ಸೇರುತ್ತವೆ. ಈ ಶಾಖದ ಬಹುಭಾಗ ಇಂದಿಗೂ ಕಲ್ಲಿದ್ದಲು, ತೈಲ ಮತ್ತು ನೈಸರ್ಗಿಕ ಅನಿಲಗಳಿಂದ ಬರುತ್ತಿದೆ.

ಈ ಇಂಧನಗಳಲ್ಲಿ ಶಕ್ತಿಯು ರಾಸಾಯನಿಕ ರೂಪದಲ್ಲಿ ಅಡಗಿರುತ್ತದೆ. ಕಲ್ಲಿದ್ದಲಿನ ರಾಶಿಯನ್ನು ತಿಂಗಳುಗಟ್ಟಲೆ ಇರಿಸಿ, ಬೇಕೆನಿಸಿದ ದಿನ ಉರಿಸಬಹುದು. ಬಿಸಿಲು ಮತ್ತು ಗಾಳಿಗೆ ಈ ಗುಣವಿಲ್ಲ. ಸೌರಶಾಖವು ಮಧ್ಯಾಹ್ನ ಮತ್ತು ಬೇಸಿಗೆಯಲ್ಲಿ ಹೇರಳವಾಗಿರುತ್ತದೆ. ಶಾಖದ ಬೇಡಿಕೆ ರಾತ್ರಿ, ಮುಂಜಾನೆ ಮತ್ತು ಚಳಿಗಾಲದಲ್ಲಿ ಹೆಚ್ಚಾಗಿರುತ್ತದೆ. ಆದುದರಿಂದ ನವೀಕರಿಸಬಹುದಾದ ಶಾಖದ ವಿಷಯದಲ್ಲಿ ಶಾಖವನ್ನು ಉತ್ಪಾದಿಸುವುದಕ್ಕಿಂತ ಅದನ್ನು ಬೇಕಾದ ಹೊತ್ತಿನವರೆಗೆ ಉಳಿಸಿಕೊಳ್ಳುವುದೇ ಹೆಚ್ಚು ಕಷ್ಟದ ಕೆಲಸವಾಗಿದೆ.

ಮೂಲ ತತ್ವಗಳು

ಬಿಸಿಯಾದ ವಸ್ತುವಿನಿಂದ ತಣ್ಣಗಿನ ಪರಿಸರದ ಕಡೆಗೆ ಶಾಖವು ಸದಾ ಹರಿಯುತ್ತಿರುತ್ತದೆ. ಉಷ್ಣ ನಿರೋಧಕಗಳ ಹೊದಿಕೆಯು ಈ ಹರಿವನ್ನು ನಿಧಾನಗೊಳಿಸುತ್ತದೆ, ಸಂಪೂರ್ಣವಾಗಿ ನಿಲ್ಲಿಸಲಾರದು. ಸಂಗ್ರಹಾಗಾರದಲ್ಲಿ ಎಷ್ಟು ಶಾಖ ಹಿಡಿಯುತ್ತದೆ ಎಂಬುದನ್ನು ಅದರ ಗಾತ್ರ ನಿರ್ಧರಿಸುತ್ತದೆ. ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದು ಅದರ ಹೊರಮೈಯ ವಿಸ್ತೀರ್ಣವನ್ನು ಅವಲಂಬಿಸಿದೆ.

ಈ ಎರಡರ ನಡುವಿನ ಸಂಬಂಧವು ತುಂಬ ಮುಖ್ಯವಾದುದು. 1 ಮೀಟರ್ ಬದಿಯ ಘನಾಕೃತಿಯ ತೊಟ್ಟಿಯ ಗಾತ್ರ 1 ಘನಮೀಟರ್, ಹೊರಮೈ 6 ಚದರ ಮೀಟರ್. ಬದಿಯನ್ನು 10 ಮೀಟರಿಗೆ ಹೆಚ್ಚಿಸಿದರೆ ಗಾತ್ರ 1,000 ಘನಮೀಟರ್, ಹೊರಮೈ 600 ಚದರ ಮೀಟರ್ ಆಗುತ್ತದೆ. ಎಂದರೆ ಪ್ರತಿ ಘನಮೀಟರಿಗೆ ತಗಲುವ ಹೊರಮೈ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಸಂಗ್ರಹಾಗಾರವು ಚಿಕ್ಕದಕ್ಕಿಂತ ಬಹಳ ಹೆಚ್ಚು ಕಾಲ ಬಿಸಿಯಾಗಿರುವುದಕ್ಕೆ ಇದೇ ಕಾರಣ. ಒಂದು ಮನೆಯ ತೊಟ್ಟಿಯಲ್ಲಿ ಬೇಸಿಗೆಯ ಶಾಖವನ್ನು ಚಳಿಗಾಲದವರೆಗೆ ಉಳಿಸುವುದು ಬಹಳ ಕಷ್ಟ. ಇಡೀ ಊರಿಗೆ ಸೇರಿದ ಜಲಾಶಯದಲ್ಲಿ ಅದು ಸಾಧ್ಯವಾಗುತ್ತದೆ.

ವಿಧಗಳು

ತಾಪಮಾನದ ಏರಿಕೆಯ ಮೂಲಕ ಸಂಗ್ರಹ

ವಸ್ತುವೊಂದನ್ನು ಬಿಸಿಮಾಡಿ, ಅದರ ಸ್ಥಿತಿ ಬದಲಾಗದಂತೆ ತಾಪಮಾನವನ್ನಷ್ಟೇ ಏರಿಸುವುದು ಅತ್ಯಂತ ಸರಳವಾದ ವಿಧಾನ. ಹೀಗೆ ಸೇರಿಕೊಂಡ ಶಾಖವನ್ನು ಸಂವೇದ್ಯ ಶಾಖ ಎನ್ನುತ್ತಾರೆ. ನೀರಿನ ವಿಶಿಷ್ಟೋಷ್ಣವು ಪ್ರತಿ ಕಿಲೋಗ್ರಾಮಿಗೆ ಪ್ರತಿ ಡಿಗ್ರಿಗೆ ಸುಮಾರು 4.18 ಕಿಲೋಜೌಲ್ ಇದ್ದು, ಸಾಮಾನ್ಯ ವಸ್ತುಗಳಲ್ಲಿ ಇದು ಅತಿ ಹೆಚ್ಚಿನದು. 1 ಘನಮೀಟರ್ ನೀರಿನ ತಾಪಮಾನವನ್ನು 50 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಿದರೆ ಅದರಲ್ಲಿ ಸುಮಾರು 58 ಕಿಲೋವ್ಯಾಟ್-ಗಂಟೆ ಶಕ್ತಿ ಸೇರುತ್ತದೆ.

ಮರಳು ಮತ್ತು ಕಲ್ಲಿನ ವಿಶಿಷ್ಟೋಷ್ಣವು ನೀರಿನ ಸುಮಾರು ಐದನೆಯ ಒಂದು ಭಾಗ ಮಾತ್ರ. ಆದರೆ ನೀರು ಸಾಮಾನ್ಯ ಒತ್ತಡದಲ್ಲಿ 100 ಡಿಗ್ರಿಗೆ ಕುದಿಯುತ್ತದೆ; ಮರಳನ್ನು 500 ಡಿಗ್ರಿಗೂ ಮೀರಿ ಕಾಯಿಸಬಹುದು. ಹೆಚ್ಚಿನ ತಾಪಮಾನದ ಶಾಖ ಬೇಕಾದಲ್ಲಿ ಮರಳು, ಕಲ್ಲು ಮತ್ತು ಕರಗಿದ ಲವಣಗಳನ್ನು ಆರಿಸಿಕೊಳ್ಳುವುದು ಇದರಿಂದಾಗಿಯೇ.

ಸ್ಥಿತಿ ಬದಲಾವಣೆಯ ಮೂಲಕ ಸಂಗ್ರಹ

ಘನವಸ್ತುವು ಕರಗುವಾಗ ತಾಪಮಾನ ಏರದಿದ್ದರೂ ಶಾಖವನ್ನು ಹೀರಿಕೊಳ್ಳುತ್ತದೆ. ಮತ್ತೆ ಗಟ್ಟಿಯಾಗುವಾಗ ಅದನ್ನು ಬಿಟ್ಟುಕೊಡುತ್ತದೆ. ಇದು ಗುಪ್ತೋಷ್ಣ. 0 ಡಿಗ್ರಿಯ 1 ಕಿಲೋಗ್ರಾಂ ಮಂಜುಗಡ್ಡೆ ಕರಗಲು 334 ಕಿಲೋಜೌಲ್ ಶಾಖ ಬೇಕು. ಅಷ್ಟೇ ಶಾಖವು 1 ಕಿಲೋಗ್ರಾಂ ನೀರನ್ನು 0 ಡಿಗ್ರಿಯಿಂದ ಸುಮಾರು 80 ಡಿಗ್ರಿಗೆ ಏರಿಸಬಲ್ಲದು. ಕಡಿಮೆ ಜಾಗದಲ್ಲಿ ಹೆಚ್ಚು ಶಾಖವನ್ನು ಬಹುಮಟ್ಟಿಗೆ ಒಂದೇ ತಾಪಮಾನದಲ್ಲಿ ಇರಿಸಿಕೊಳ್ಳುವುದು ಈ ವಿಧಾನದ ಲಾಭ. ಪ್ಯಾರಾಫಿನ್ ಮೇಣ, ಲವಣಗಳ ಹೈಡ್ರೇಟುಗಳು ಮತ್ತು ಮಂಜುಗಡ್ಡೆ ಇದರಲ್ಲಿ ಸಾಮಾನ್ಯವಾಗಿ ಬಳಕೆಯಾಗುತ್ತವೆ. ಮೇಣದಂತಹ ವಸ್ತುಗಳು ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ಕೂಡಿಟ್ಟ ಶಾಖವನ್ನು ಬೇಗನೆ ಹೊರತೆಗೆಯಲು ಸಾಧ್ಯವಾಗದಿರುವುದು ಇದರ ಮುಖ್ಯ ತೊಡಕು.

ರಾಸಾಯನಿಕ ಕ್ರಿಯೆಯ ಮೂಲಕ ಸಂಗ್ರಹ

ಹಿಂದುಮುಂದಾಗಿ ನಡೆಯಬಲ್ಲ ರಾಸಾಯನಿಕ ಕ್ರಿಯೆಯಲ್ಲಿಯೂ ಶಾಖವನ್ನು ಅಡಗಿಸಿಡಬಹುದು. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದಾಗ ಅದು ಕೊತಕೊತನೆ ಕುದಿದು ಅರಳುವುದು ಇದಕ್ಕೆ ಪರಿಚಿತ ಉದಾಹರಣೆ. ಅರಳಿದ ಸುಣ್ಣವನ್ನು ಸುಮಾರು 500 ಡಿಗ್ರಿಗೆ ಕಾಯಿಸಿದರೆ ನೀರು ಆವಿಯಾಗಿ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ಮತ್ತೆ ನೀರು ಸೇರಿಸಿದರೆ ಆ ಶಾಖ ಮರಳಿ ದೊರೆಯುತ್ತದೆ. ನೀರು ಮತ್ತು ಸುಣ್ಣವನ್ನು ಬೇರೆಬೇರೆಯಾಗಿ ಇಟ್ಟಷ್ಟು ಕಾಲವೂ ಈ ಶಕ್ತಿಗೆ ನಷ್ಟವಿಲ್ಲ. ತಣ್ಣಗಾದ ಸುಣ್ಣದಲ್ಲಿಯೂ ಅದು ಉಳಿದಿರುತ್ತದೆ. ಹೀಗಾಗಿ ದೀರ್ಘಾವಧಿಯ ಸಂಗ್ರಹಕ್ಕೆ ಇದು ತಾತ್ವಿಕವಾಗಿ ಉತ್ತಮವಾದ ವಿಧಾನವಾಗಿದ್ದರೂ ಹೆಚ್ಚಿನ ಪ್ರಯತ್ನಗಳು ಇನ್ನೂ ಪ್ರಯೋಗದ ಹಂತದಲ್ಲಿವೆ.

ಇತಿಹಾಸ

ಶಾಖವನ್ನು ಕೂಡಿಡುವ ರೂಢಿ ಹಳೆಯದು. ಕರ್ನಾಟಕದ ಮನೆಗಳ ಬಚ್ಚಲಿನಲ್ಲಿ ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆಯ ನೀರು, ಬೆಂಕಿ ಆರಿದ ಬಳಿಕವೂ ಬಹಳ ಹೊತ್ತು ಬಿಸಿಯಾಗಿರುತ್ತದೆ. ಉತ್ತರ ಯುರೋಪಿನಲ್ಲಿ ಇಟ್ಟಿಗೆ ಮತ್ತು ಕಲ್ಲಿನಿಂದ ಕಟ್ಟಿದ ಭಾರವಾದ ಒಲೆಗಳು ದಿನಕ್ಕೊಮ್ಮೆ ಉರಿಸಿದರೂ ಇಡೀ ರಾತ್ರಿ ಕೋಣೆಯನ್ನು ಬೆಚ್ಚಗಿಡುತ್ತಿದ್ದವು. ಇರಾನಿನಲ್ಲಿ ಯಖ್ಚಾಲ್ ಎಂಬ ದಪ್ಪ ಮಣ್ಣಿನ ಗೋಪುರಗಳಲ್ಲಿ ಚಳಿಗಾಲದ ಮಂಜುಗಡ್ಡೆಯನ್ನು ಬೇಸಿಗೆಯವರೆಗೆ ಕಾಪಾಡಲಾಗುತ್ತಿತ್ತು.

ಕೈಗಾರಿಕೆಯಲ್ಲಿ ಎಡ್ವರ್ಡ್ ಆಲ್ಫ್ರೆಡ್ ಕೌಪರ್ 1857ರಲ್ಲಿ ಹಕ್ಕುಸ್ವಾಮ್ಯ ಪಡೆದ ಒಲೆಯು ಮುಖ್ಯವಾದುದು. ಕಬ್ಬಿಣದ ಊದುಕುಲುಮೆಯಿಂದ ಹೊರಬರುವ ಅನಿಲವನ್ನು ಉರಿಸಿ ಇಟ್ಟಿಗೆಗಳನ್ನು ಕಾಯಿಸಿ, ಅದೇ ಇಟ್ಟಿಗೆಗಳ ಮೂಲಕ ಗಾಳಿಯನ್ನು ಹಾಯಿಸಿ ಬಿಸಿಯಾಗಿ ಕುಲುಮೆಗೆ ಊದುವುದು ಇದರ ಕ್ರಮ. ಈ ಮಾದರಿಯ ಒಲೆಗಳು ಉಕ್ಕಿನ ಕಾರ್ಖಾನೆಗಳಲ್ಲಿ ಈಗಲೂ ಬಳಕೆಯಲ್ಲಿವೆ.

ಸೌರಶಾಖದ ಸಂಗ್ರಹದ ಆಧುನಿಕ ಪ್ರಯೋಗಗಳು ಅಮೆರಿಕದಲ್ಲಿ ಆರಂಭವಾದವು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹಾಯ್ಟ್ ಹಾಟೆಲ್ ಮತ್ತು ಸಂಗಡಿಗರು 1939ರಲ್ಲಿ ಕಟ್ಟಿದ ಮನೆಯೊಂದರ ನೆಲಮಾಳಿಗೆಯಲ್ಲಿ ದೊಡ್ಡ ನೀರಿನ ತೊಟ್ಟಿಯಿದ್ದು, ಬೇಸಿಗೆಯ ಶಾಖವನ್ನು ಚಳಿಗಾಲಕ್ಕೆ ಉಳಿಸುವುದನ್ನು ಅದರಲ್ಲಿ ಪರೀಕ್ಷಿಸಲಾಯಿತು. 1948ರಲ್ಲಿ ಹಂಗೇರಿ ಮೂಲದ ವಿಜ್ಞಾನಿ ಮರಿಯಾ ಟೆಲ್ಕೆಸ್ ಅವರು ವಾಸ್ತುಶಿಲ್ಪಿ ಎಲೀನರ್ ರೇಮಂಡ್ ಅವರೊಂದಿಗೆ ಮ್ಯಾಸಚೂಸೆಟ್ಸ್‌ನ ಡೋವರ್‌ನಲ್ಲಿ ಸೌರಗೃಹವೊಂದನ್ನು ರೂಪಿಸಿದರು. ಸುಮಾರು 32 ಡಿಗ್ರಿಗೆ ಕರಗುವ ಗ್ಲಾಬರ್ ಲವಣದಲ್ಲಿ ಅಲ್ಲಿ ಶಾಖವನ್ನು ಕೂಡಿಡಲಾಗುತ್ತಿತ್ತು. ಮತ್ತೆ ಮತ್ತೆ ಕರಗಿ ಗಟ್ಟಿಯಾಗುವಾಗ ಲವಣವು ಪದರಪದರವಾಗಿ ಬೇರ್ಪಟ್ಟು ತನ್ನ ಸಾಮರ್ಥ್ಯ ಕಳೆದುಕೊಂಡುದರಿಂದ ಕೆಲವು ಚಳಿಗಾಲಗಳ ನಂತರ ವ್ಯವಸ್ಥೆಯು ಕೈಕೊಟ್ಟಿತು. ಈ ಬೇರ್ಪಡುವಿಕೆಯನ್ನು ತಡೆಯುವುದು ಲವಣ ಹೈಡ್ರೇಟುಗಳ ಸಂಶೋಧನೆಯಲ್ಲಿ ಇಂದಿಗೂ ಒಂದು ಮುಖ್ಯ ವಿಷಯವಾಗಿದೆ.

ಋತುಮಾನ ಸಂಗ್ರಹಣೆ

ಬೇಸಿಗೆಯ ಶಾಖವನ್ನು ಚಳಿಗಾಲಕ್ಕೆ ಉಳಿಸುವುದನ್ನು ಋತುಮಾನ ಸಂಗ್ರಹಣೆ ಎನ್ನುತ್ತಾರೆ. ನೆಲದಡಿಯ ಬಂಡೆಯಲ್ಲಿ ಕೊರೆದ ಗುಹೆ, ನೆಲದಲ್ಲಿ ತೋಡಿದ ದೊಡ್ಡ ಹೊಂಡ, ಅಂತರ್ಜಲದ ಪದರ ಹಾಗೂ ಮಣ್ಣಿನಲ್ಲಿ ಕೊರೆದ ರಂಧ್ರಗಳ ಸಮೂಹ ಇದರ ಮುಖ್ಯ ರೂಪಗಳು. ಸ್ವೀಡನ್ನಿನ ಉಪ್ಸಾಲಾ ಸಮೀಪದ ಲಿಕೆಬೂದಲ್ಲಿ 1980ರ ದಶಕದ ಆರಂಭದಲ್ಲಿ ಸುಮಾರು 1 ಲಕ್ಷ ಘನಮೀಟರ್ ನೀರು ಹಿಡಿಯುವ ಬಂಡೆಗುಹೆಯನ್ನು ನಿರ್ಮಿಸಲಾಯಿತು.

ಡೆನ್ಮಾರ್ಕಿನ ಹೊಂಡಗಳು

ಡೆನ್ಮಾರ್ಕಿನಲ್ಲಿ ಹೆಚ್ಚಿನ ಮನೆಗಳಿಗೆ ಬಿಸಿನೀರು ಮತ್ತು ಶಾಖವು ಊರಿನ ಸಾಮೂಹಿಕ ಕೊಳವೆ ಜಾಲದಿಂದ ಬರುತ್ತದೆ. ಈ ಜಾಲವಿದ್ದುದರಿಂದಲೇ ಅಲ್ಲಿ ಬೃಹತ್ ಸಂಗ್ರಹಾಗಾರಗಳನ್ನು ಸುಲಭವಾಗಿ ಜೋಡಿಸಲು ಸಾಧ್ಯವಾಯಿತು. ನೆಲದಲ್ಲಿ ತೋಡಿದ ಹೊಂಡಕ್ಕೆ ನೀರು ಸೋರದ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ತುಂಬಿ, ಮೇಲೆ ಉಷ್ಣ ನಿರೋಧಕದ ತೇಲುವ ಮುಚ್ಚಳ ಹಾಕಲಾಗುತ್ತದೆ. ಅರೋ ದ್ವೀಪದ ಮಾರ್ಸ್ಟಲ್‌ನ ಹೊಂಡ 75,000 ಘನಮೀಟರ್, ಡ್ರೋನಿಂಗ್‌ಲುಂಡ್‌ನ ಹೊಂಡ 60,000 ಘನಮೀಟರ್ ನೀರು ಹಿಡಿಯುತ್ತವೆ. 2015ರಲ್ಲಿ ಸಿದ್ಧವಾದ ವೋಯೆನ್ಸ್ ಪಟ್ಟಣದ ಹೊಂಡದ ಸಾಮರ್ಥ್ಯ ಸುಮಾರು 2 ಲಕ್ಷ ಘನಮೀಟರ್. ಅದಕ್ಕೆ ಸುಮಾರು 70,000 ಚದರ ಮೀಟರ್ ವಿಸ್ತಾರದ ಸೌರ ಶಾಖಗ್ರಾಹಕಗಳನ್ನು ಜೋಡಿಸಲಾಗಿದೆ.

ಡ್ರೇಕ್ ಲ್ಯಾಂಡಿಂಗ್ ಸೌರ ಬಡಾವಣೆ

ಕೆನಡಾದ ಆಲ್ಬರ್ಟಾ ಪ್ರಾಂತದ ಓಕೋಟೋಕ್ಸ್ ಪಟ್ಟಣದಲ್ಲಿ 2007ರಲ್ಲಿ ಆರಂಭವಾದ ಡ್ರೇಕ್ ಲ್ಯಾಂಡಿಂಗ್ ಬಡಾವಣೆಯು ಋತುಮಾನ ಸಂಗ್ರಹಣೆಯ ಅತ್ಯಂತ ಪ್ರಸಿದ್ಧ ಉದಾಹರಣೆಗಳಲ್ಲಿ ಒಂದು. 52 ಮನೆಗಳ ಈ ಬಡಾವಣೆಯಲ್ಲಿ ವಾಹನ ಕೊಠಡಿಗಳ ಚಾವಣಿಗಳ ಮೇಲೆ ಸುಮಾರು 800 ಸೌರ ಶಾಖಗ್ರಾಹಕಗಳಿದ್ದವು. ಅವುಗಳಲ್ಲಿ ಕಾದ ದ್ರವದ ಶಾಖವನ್ನು ನೆಲದಲ್ಲಿ ಸುಮಾರು 35 ಮೀಟರ್ ಆಳಕ್ಕೆ ಕೊರೆದ 144 ರಂಧ್ರಗಳ ಮೂಲಕ ಮಣ್ಣಿಗೆ ಇಳಿಸಲಾಗುತ್ತಿತ್ತು. ಬೇಸಿಗೆಯ ಕೊನೆಗೆ ಆ ಮಣ್ಣಿನ ತಾಪಮಾನ ಸುಮಾರು 80 ಡಿಗ್ರಿ ತಲುಪುತ್ತಿತ್ತು. ಚಳಿಗಾಲದಲ್ಲಿ ಅದೇ ಶಾಖವನ್ನು ಹಿಂದಕ್ಕೆ ಪಡೆದು ಮನೆಗಳಿಗೆ ಹರಿಸಲಾಗುತ್ತಿತ್ತು.

ತಣ್ಣಗಿದ್ದ ನೆಲವು ಪೂರ್ಣವಾಗಿ ಕಾಯಲು ಕೆಲವು ವರ್ಷಗಳೇ ಬೇಕಾದವು. ಮೊದಲ ವರ್ಷ ಮನೆಗಳನ್ನು ಬೆಚ್ಚಗಿಡಲು ಬೇಕಾದ ಶಾಖದಲ್ಲಿ ಸುಮಾರು 55 ಶೇಕಡಾ ಮಾತ್ರ ಸೂರ್ಯನಿಂದ ಬಂದಿತು. ಐದನೆಯ ವರ್ಷಕ್ಕೆ ಈ ಪ್ರಮಾಣ ಸುಮಾರು 97 ಶೇಕಡಾಕ್ಕೆ ಏರಿತು. 2015-16ರ ಚಳಿಗಾಲದಲ್ಲಿ ಅದು 100 ಶೇಕಡಾ ಮುಟ್ಟಿತು. ಚಳಿಗಾಲದಲ್ಲಿ ತಾಪಮಾನ ಶೂನ್ಯಕ್ಕಿಂತ ಬಹಳ ಕೆಳಗಿಳಿಯುವ ಪ್ರದೇಶದಲ್ಲಿ ಬೇಸಿಗೆಯ ಬಿಸಿಲಿನಿಂದಲೇ ಮನೆಗಳನ್ನು ಬೆಚ್ಚಗಿಡಬಹುದೆಂದು ಇದು ತೋರಿಸಿಕೊಟ್ಟಿತು.

ಆದರೆ ಸುಮಾರು 17 ವರ್ಷಗಳ ಬಳಿಕ ವ್ಯವಸ್ಥೆಯ ಬಿಡಿಭಾಗಗಳು ಹಳೆಯದಾಗಿ ದುರಸ್ತಿ ಕಷ್ಟವಾಯಿತು. 2024ರಲ್ಲಿ ಅದನ್ನು ಸ್ಥಗಿತಗೊಳಿಸುವ ನಿರ್ಧಾರ ಪ್ರಕಟವಾಗಿ, ಮನೆಗಳನ್ನು ನೈಸರ್ಗಿಕ ಅನಿಲದ ಒಲೆಗಳಿಗೆ ಬದಲಾಯಿಸಲಾಯಿತು. ಸಂಗ್ರಹಣೆಯ ತತ್ವ ಇಲ್ಲಿ ವಿಫಲವಾಗಲಿಲ್ಲ. ಬೇರೆಲ್ಲೂ ಹೆಚ್ಚಾಗಿ ಬಳಕೆಗೆ ಬಾರದ, ವಿಶೇಷವಾಗಿ ಜೋಡಿಸಿದ ವ್ಯವಸ್ಥೆಯನ್ನು 52 ಮನೆಗಳ ಆದಾಯದಿಂದ ದೀರ್ಘಕಾಲ ನಡೆಸುವುದು ಎಷ್ಟು ಕಷ್ಟವೆಂಬುದನ್ನು ಈ ಪ್ರಕರಣ ಸೂಚಿಸುತ್ತದೆ.

ಹೆಚ್ಚಿನ ತಾಪಮಾನದ ಸಂಗ್ರಹಣೆ

ಕರಗಿದ ಲವಣ

ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ವಿದ್ಯುತ್ ಉತ್ಪಾದಿಸುವ ಸ್ಥಾವರಗಳಲ್ಲಿ ಕರಗಿದ ಲವಣದ ಬಳಕೆ ವ್ಯಾಪಕವಾಗಿದೆ. ಸಾಮಾನ್ಯವಾಗಿ ತೂಕದಲ್ಲಿ 60 ಶೇಕಡಾ ಸೋಡಿಯಂ ನೈಟ್ರೇಟ್ ಮತ್ತು 40 ಶೇಕಡಾ ಪೊಟ್ಯಾಸಿಯಂ ನೈಟ್ರೇಟ್ ಇರುವ ಮಿಶ್ರಣವನ್ನು ಬಳಸಲಾಗುತ್ತದೆ. ಗೋಪುರ ಮಾದರಿಯ ಸ್ಥಾವರಗಳಲ್ಲಿ ಸುಮಾರು 290 ಡಿಗ್ರಿಯ ತೊಟ್ಟಿಯಿಂದ ಲವಣವನ್ನು ಮೇಲೆತ್ತಿ, ಬಿಸಿಲಿನಲ್ಲಿ ಸುಮಾರು 565 ಡಿಗ್ರಿಗೆ ಕಾಯಿಸಿ ಇನ್ನೊಂದು ತೊಟ್ಟಿಯಲ್ಲಿ ಇಡಲಾಗುತ್ತದೆ. ಸೂರ್ಯ ಮುಳುಗಿದ ನಂತರ ಈ ಶಾಖದಿಂದ ಉಗಿ ತಯಾರಿಸಿ ಟರ್ಬೈನ್ ತಿರುಗಿಸಲಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 1996ರಿಂದ 1999ರವರೆಗೆ ನಡೆದ ಸೋಲಾರ್ ಟೂ ಯೋಜನೆಯು ಈ ಕ್ರಮವನ್ನು ಪರೀಕ್ಷಿಸಿತು. ಸ್ಪೇನಿನ ಗ್ರನಾಡಾ ಪ್ರಾಂತದ ಆಂಡಸೋಲ್ ಸ್ಥಾವರದ ಮೊದಲ ಘಟಕದಲ್ಲಿ ಸುಮಾರು 28,500 ಟನ್ ಲವಣವಿದ್ದು, 50 ಮೆಗಾವ್ಯಾಟ್ ಟರ್ಬೈನನ್ನು ಸುಮಾರು ಏಳೂವರೆ ಗಂಟೆ ನಡೆಸುವಷ್ಟು ಶಾಖವನ್ನು ಅದು ಹಿಡಿದಿಡುತ್ತದೆ. 2011ರಲ್ಲಿ ಆರಂಭವಾದ ಸೆವಿಲ್ ಪ್ರಾಂತದ ಹೆಮಾಸೋಲಾರ್ ಸ್ಥಾವರವು 15 ಗಂಟೆಗಳ ಸಂಗ್ರಹ ಹೊಂದಿದ್ದು, ಅದೇ ವರ್ಷ ಹಗಲು ರಾತ್ರಿ ಎಡೆಬಿಡದೆ ವಿದ್ಯುತ್ ಉತ್ಪಾದಿಸಿ ಗಮನ ಸೆಳೆಯಿತು.

ಮರಳು ಮತ್ತು ಕಲ್ಲು

ಗಾಳಿ ಹಾಗೂ ಬಿಸಿಲಿನ ವಿದ್ಯುತ್ ಅಗ್ಗವಾಗಿರುವ ಹೊತ್ತಿನಲ್ಲಿ ಅದನ್ನು ಶಾಖವಾಗಿ ಪರಿವರ್ತಿಸಿ ಮರಳಿನಲ್ಲಿ ಕೂಡಿಡುವ ವ್ಯವಸ್ಥೆಯನ್ನು ಫಿನ್ಲೆಂಡಿನ ಪೋಲಾರ್ ನೈಟ್ ಎನರ್ಜಿ ಸಂಸ್ಥೆ ಅಭಿವೃದ್ಧಿಪಡಿಸಿದೆ. 2022ರಲ್ಲಿ ಕಾಂಕಾನ್‌ಪಾ ಪಟ್ಟಣದಲ್ಲಿ ಆರಂಭವಾದ ಘಟಕದಲ್ಲಿ ಸುಮಾರು 100 ಟನ್ ಮರಳಿದ್ದು, ಅದರ ಸಾಮರ್ಥ್ಯ 8 ಮೆಗಾವ್ಯಾಟ್-ಗಂಟೆ. 2025ರಲ್ಲಿ ಪೊರ್ನೈನೆನ್‌ನಲ್ಲಿ 100 ಮೆಗಾವ್ಯಾಟ್-ಗಂಟೆ ಸಾಮರ್ಥ್ಯದ ಘಟಕ ಕಾರ್ಯಾರಂಭ ಮಾಡಿತು. ಅದರಲ್ಲಿ ಮರಳಿನ ಬದಲು ಸುಮಾರು 2,000 ಟನ್ ಪುಡಿಮಾಡಿದ ಬಳಪದ ಕಲ್ಲನ್ನು ತುಂಬಲಾಗಿದೆ.

ವಿದ್ಯುತ್ತನ್ನು ಶಾಖವಾಗಿ ಬದಲಾಯಿಸುವಾಗ ನಷ್ಟ ಬಹಳ ಕಡಿಮೆ. ಆದರೆ ಆ ಶಾಖವನ್ನು ಮತ್ತೆ ವಿದ್ಯುತ್ತಾಗಿಸಿದರೆ ಅರ್ಧಕ್ಕಿಂತ ಹೆಚ್ಚು ಭಾಗ ಸಾಮಾನ್ಯವಾಗಿ ನಷ್ಟವಾಗುತ್ತದೆ. ಆದ್ದರಿಂದ ಶಾಖವನ್ನು ಶಾಖವಾಗಿಯೇ ಬಳಸುವಲ್ಲಿ ಇಂತಹ ಘಟಕಗಳು ಹೆಚ್ಚು ಪ್ರಯೋಜನಕಾರಿ.

ಇಂಗಾಲದ ಸೆರೆಯೊಂದಿಗೆ ಸಂಬಂಧ

ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುವ ಕೆಲಸದಲ್ಲಿ ಹೆಚ್ಚಿನ ಶಕ್ತಿ ವ್ಯಯವಾಗುವುದು ಶಾಖಕ್ಕಾಗಿಯೇ. ಬಳಕೆಯಲ್ಲಿರುವ ಅಮೀನ್ ದ್ರಾವಣಗಳು ಅನಿಲವನ್ನು ಹೀರಿಕೊಂಡ ಮೇಲೆ ಅದನ್ನು ಬಿಡಿಸಲು ಅವುಗಳನ್ನು ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಗಾಳಿಯಿಂದ ನೇರವಾಗಿ ಅನಿಲವನ್ನು ಹಿಡಿಯುವ ಘನ ಹೀರುವಸ್ತುಗಳಿಗೆ ಸುಮಾರು 80ರಿಂದ 100 ಡಿಗ್ರಿಯ ಶಾಖ ಸಾಕು. ಐಸ್ಲೆಂಡಿನಲ್ಲಿ 2021ರಲ್ಲಿ ಆರಂಭವಾದ ಓರ್ಕಾ ಸ್ಥಾವರವು ಪಕ್ಕದ ಹೆಲ್ಲಿಶೇಡಿ ಭೂಉಷ್ಣ ಕೇಂದ್ರದ ಶಾಖವನ್ನು ಇದಕ್ಕೆ ಬಳಸುತ್ತದೆ. ಈ ಶಾಖಕ್ಕಾಗಿ ಕಲ್ಲಿದ್ದಲು ಅಥವಾ ಅನಿಲವನ್ನು ಉರಿಸಿದರೆ ಹಿಡಿದ ಇಂಗಾಲದ ಒಂದು ಪಾಲು ಅಲ್ಲಿಯೇ ಮತ್ತೆ ಹುಟ್ಟುತ್ತದೆ. ಹೀಗಾಗಿ ಕೂಡಿಟ್ಟ ನವೀಕರಿಸಬಹುದಾದ ಶಾಖದ ಲಭ್ಯತೆಯು ಇಂಗಾಲ ಸೆರೆಯ ನಿಜವಾದ ಲಾಭವನ್ನು ನಿರ್ಧರಿಸುವ ಅಂಶಗಳಲ್ಲೊಂದು.

ಎರಡೂ ಕೆಲಸಗಳಿಗೆ ಒಂದೇ ವಸ್ತುವನ್ನು ಬಳಸುವ ವಿಧಾನವೂ ಇದೆ. ಸುಟ್ಟ ಸುಣ್ಣವು ಸುಮಾರು 650 ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಸುಣ್ಣದ ಕಲ್ಲಿನ ರಾಸಾಯನಿಕವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಆಗ ಪ್ರತಿ ಮೋಲಿಗೆ ಸುಮಾರು 178 ಕಿಲೋಜೌಲ್ ಶಾಖ ಹೊರಬರುತ್ತದೆ. ಅದನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಶುದ್ಧ ಇಂಗಾಲದ ಡೈಆಕ್ಸೈಡ್ ಬೇರ್ಪಟ್ಟು ಸುಟ್ಟ ಸುಣ್ಣ ಮರಳಿ ದೊರೆಯುತ್ತದೆ. ಈ ಸುಣ್ಣದ ಚಕ್ರವನ್ನು ಹೊಗೆಯಿಂದ ಇಂಗಾಲ ಹಿಡಿಯಲು ಬಳಸುವ ಕ್ರಮವನ್ನು ಜಪಾನಿನ ಶಿಮಿಜು ಮತ್ತು ಸಂಗಡಿಗರು 1999ರಲ್ಲಿ ಪ್ರಸ್ತಾಪಿಸಿದರು. ಮುಂದೆ ಸ್ಪೇನಿನ ಲಾ ಪೆರೆಡಾ ಮತ್ತು ಜರ್ಮನಿಯ ಡಾರ್ಮ್‌ಸ್ಟಾಟ್‌ಗಳಲ್ಲಿ ಇದನ್ನು ಮೆಗಾವ್ಯಾಟ್ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಅದೇ ಚಕ್ರವನ್ನು ಸೌರಶಾಖದ ಸಂಗ್ರಹಕ್ಕೆ ಬಳಸುವ ಸಂಶೋಧನೆಯು ಯುರೋಪಿನಲ್ಲಿ ನಡೆದಿದೆ. ಚಕ್ರ ಮರುಕಳಿಸಿದಂತೆಲ್ಲ ಸುಣ್ಣದ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಅನಿಲ ಹೀರುವ ಶಕ್ತಿ ಕುಗ್ಗುವುದು ಇದರ ಮುಖ್ಯ ಸಮಸ್ಯೆಯಾಗಿದೆ.

ಭಾರತದಲ್ಲಿ

ಭಾರತದ ಬಹುಭಾಗದಲ್ಲಿ ಮನೆಗಳನ್ನು ಬೆಚ್ಚಗಿಡುವ ಅಗತ್ಯ ಕಡಿಮೆ. ಬಿಸಿನೀರು, ಕೈಗಾರಿಕೆಯ ಶಾಖ ಮತ್ತು ತಂಪಿನ ಬೇಡಿಕೆ ಹೆಚ್ಚು. ಇಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಉಷ್ಣ ಸಂಗ್ರಹಾಗಾರವೆಂದರೆ ಮನೆಯ ಚಾವಣಿಯ ಮೇಲಿರುವ ಸೌರ ಜಲತಾಪಕದ ತೊಟ್ಟಿ. ಹಗಲಿನಲ್ಲಿ ಕಾದ ನೀರನ್ನು ನಿರೋಧಕ ಹೊದಿಕೆಯುಳ್ಳ ಈ ತೊಟ್ಟಿಯು ಮರುದಿನ ಮುಂಜಾನೆಯ ಸ್ನಾನದವರೆಗೆ ಬಿಸಿಯಾಗಿಡುತ್ತದೆ. ಸೌರ ಜಲತಾಪಕಗಳ ಬಳಕೆಯಲ್ಲಿ ಕರ್ನಾಟಕ ಮುಂಚೂಣಿಯ ರಾಜ್ಯಗಳಲ್ಲಿ ಒಂದಾಗಿದೆ. ಮುಂಜಾನೆ ವಿದ್ಯುತ್ ಗೀಸರುಗಳಿಂದ ಏಕಕಾಲಕ್ಕೆ ಏರುವ ಬೇಡಿಕೆಯನ್ನು ಇವು ತಗ್ಗಿಸುತ್ತವೆ.

ರಾಜಸ್ಥಾನದ ಆಬು ರೋಡ್‌ನಲ್ಲಿರುವ 1 ಮೆಗಾವ್ಯಾಟ್ ಸಾಮರ್ಥ್ಯದ ಇಂಡಿಯಾ ಒನ್ ಸೌರ ಉಷ್ಣ ಸ್ಥಾವರದಲ್ಲಿ ತಲಾ 60 ಚದರ ಮೀಟರಿನ 770 ಪ್ರತಿಫಲಕಗಳಿವೆ. ಅಲ್ಲಿ ಬಿಸಿಲಿನ ಶಾಖವನ್ನು ಎರಕದ ಕಬ್ಬಿಣದ ಗ್ರಾಹಕಗಳಲ್ಲಿ ಕೂಡಿಡಲಾಗುತ್ತದೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಕಟ್ಟಡಗಳಿಗೆ ತಂಪು ಹಂಚುವ ಸಾಮೂಹಿಕ ಜಾಲಕ್ಕೆ ತಣ್ಣೀರಿನ ಸಂಗ್ರಹಾಗಾರವನ್ನು ಜೋಡಿಸಲಾಗಿದೆ.

ಮಿತಿಗಳು ಮತ್ತು ಸವಾಲುಗಳು

ಉಷ್ಣ ಸಂಗ್ರಹಾಗಾರಗಳಲ್ಲಿ ಬಳಸುವ ವಸ್ತುಗಳು ಬಹುಮಟ್ಟಿಗೆ ಅಗ್ಗ. ಲಿಥಿಯಂನಂತಹ ವಿರಳ ಲೋಹಗಳ ಅಗತ್ಯವಿಲ್ಲ. ಆದರೂ ಶಾಖವನ್ನು ವಿದ್ಯುತ್ತಿನಂತೆ ನೂರಾರು ಕಿಲೋಮೀಟರ್ ದೂರ ಸಾಗಿಸಲು ಆಗುವುದಿಲ್ಲವಾದ್ದರಿಂದ ಸಂಗ್ರಹಾಗಾರವು ಬಳಕೆಯ ಸ್ಥಳದ ಸಮೀಪದಲ್ಲಿಯೇ ಇರಬೇಕು. ಕೊಳವೆ ಜಾಲವಿಲ್ಲದ ನಗರಗಳಲ್ಲಿ ಅದನ್ನು ಹೊಸದಾಗಿ ಹಾಕುವ ವೆಚ್ಚ ದೊಡ್ಡದು.

ಹೆಚ್ಚಿನ ತಾಪಮಾನದ ವ್ಯವಸ್ಥೆಗಳಲ್ಲಿ ತೊಟ್ಟಿ ಮತ್ತು ಕೊಳವೆಗಳ ಬಾಳಿಕೆಯೂ ಪ್ರಶ್ನೆಯಾಗಿದೆ. ನೈಟ್ರೇಟ್ ಲವಣವು 220 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ಕೊಳವೆಗಳನ್ನು ಸದಾ ಬಿಸಿಯಾಗಿಡಬೇಕಾಗುತ್ತದೆ. ಅಮೆರಿಕದ ನೆವಾಡಾದ ಕ್ರೆಸೆಂಟ್ ಡ್ಯೂನ್ಸ್ ಸ್ಥಾವರವು 2016ರಲ್ಲಿ ಬಿಸಿ ಲವಣದ ತೊಟ್ಟಿ ಸೋರಿ ಹಲವು ತಿಂಗಳು ನಿಂತುಹೋಗಿತ್ತು.

ಇಂದಿನ ಸಂಶೋಧನೆಯು ಮುಖ್ಯವಾಗಿ ಮೂರು ದಿಕ್ಕಿನಲ್ಲಿ ನಡೆಯುತ್ತಿದೆ. ಹೆಚ್ಚು ಬಾಳಿಕೆಯ ಲವಣ ಹೈಡ್ರೇಟು ಮತ್ತು ಸುಣ್ಣ ಆಧಾರಿತ ವಸ್ತುಗಳನ್ನು ರೂಪಿಸುವುದು ಮೊದಲನೆಯದು. ಹೀಟ್ ಪಂಪ್‌ಗಳೊಂದಿಗೆ ಜೋಡಿಸಿ ಕಡಿಮೆ ತಾಪಮಾನದ ಸಂಗ್ರಹವನ್ನೂ ಬಳಕೆಗೆ ತರುವುದು ಎರಡನೆಯದು. ಹಬೆ ಬೇಕಾಗುವ ಕಾರ್ಖಾನೆಗಳ ಬಾಯ್ಲರುಗಳ ಜಾಗದಲ್ಲಿ ಕಲ್ಲು, ಇಟ್ಟಿಗೆ ಅಥವಾ ಮರಳಿನ ಸಂಗ್ರಹಾಗಾರಗಳನ್ನು ನಿಲ್ಲಿಸುವುದು ಮೂರನೆಯದು.